ಮರಿಕುದುರೆಯ ಕಿವಿಯ ಬುಡದಲ್ಲಿ ಹಲ್ಲು: ಶಸ್ತ್ರಚಿಕಿತ್ಸೆ ಅಗತ್ಯವೇ, ಯಾವಾಗ ಮಾಡಿಸಬೇಕು?

ಲಾಯದೊಡೆಯ, ಮೈಸೂರು ಕೇಳಿದ ಪ್ರಶ್ನೆ

ಮೈಸೂರಿನ ಹೊರವಲಯದಲ್ಲಿ ನಾವು ನಡೆಸುವ ಸಣ್ಣ ಸವಾರಿ ಶಾಲೆಯಲ್ಲಿ ಮಾರ್ವಾಡಿ ತಳಿಯ ಒಂದು ಗಂಡುಮರಿ ಇದೆ. ಅದಕ್ಕೀಗ ಒಂದೂವರೆ ವರ್ಷ. ಹಾಲ್ಟರ್ (ಹಿಡಿದು ನಡೆಸಲು ತಲೆಗೆ ತೊಡಿಸುವ ಪಟ್ಟಿ) ಹಾಕಿ ನಡೆಸಲು ಕಲಿಸುವ ಹೊತ್ತಿನಲ್ಲಿ ಅದರ ಬಲಗಿವಿಯ ಮುಂಅಂಚಿನಲ್ಲಿ, ಬುಡದಿಂದ ತುಸು ಮೇಲೆ, ಸೂಜಿಮೊನೆಯಷ್ಟು ಸಣ್ಣ ರಂಧ್ರವಿರುವುದೂ ಅದರಿಂದ ಅಂಟಂಟಾದ, ಬಿಳಿಬೂದು ಬಣ್ಣದ ದ್ರವ ಒಸರಿ ಕೂದಲಿಗೆ ಮೆತ್ತಿಕೊಂಡಿರುವುದೂ ಕಣ್ಣಿಗೆ ಬಿತ್ತು. ಉಣ್ಣೆ ಕಚ್ಚಿದ ಗಾಯ ಕೀವಾಗಿರಬಹುದೆಂದು ತೊಳೆದು ಔಷಧ ಹಚ್ಚಿದೆವು. ವಾಸಿಯಾಗದಿದ್ದಾಗ ಪಶುವೈದ್ಯರು ಪ್ರತಿಜೀವಕ ಕೊಟ್ಟರು. ಔಷಧ ನಡೆಯುವಷ್ಟು ದಿನ ಒಸರುವುದು ಕಡಿಮೆಯಾಗುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಮೊದಲಿನಂತೆಯೇ ಆಗುತ್ತದೆ.

ಕಿವಿಯ ಬುಡವನ್ನು ಒತ್ತಿ ನೋಡಿದರೆ ಒಳಗೆ ಗಟ್ಟಿಯಾದ, ಅಲುಗಾಡದ ಗಂಟೊಂದು ಕೈಗೆ ಸಿಗುತ್ತದೆ. ಕಳೆದ ವಾರ ತೆಗೆಸಿದ ಎಕ್ಸ್‌ರೇಯಲ್ಲಿ ಅದೇ ಜಾಗದಲ್ಲಿ ಹಲ್ಲಿನಷ್ಟೇ ದಟ್ಟವಾದ ನೆರಳು ಬಂದಿದೆ. ಇದು ದಾರಿತಪ್ಪಿ ಬೆಳೆದ ಹಲ್ಲು, ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಮರಿಯ ಬಾಯೊಳಗಿನ ಹಲ್ಲುಗಳೆಲ್ಲ ಸರಿಯಾಗಿಯೇ ಇವೆ, ಮೇವು ತಿನ್ನುವುದರಲ್ಲೂ ಕೊರತೆಯಿಲ್ಲ.

ನನಗಿರುವ ಸಂದೇಹಗಳು ಇವು. ಬಾಯಲ್ಲಿರಬೇಕಾದ ಹಲ್ಲು ಕಿವಿಯ ಬಳಿ ಬಂದದ್ದು ಹೇಗೆ? ಇದನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ? ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣಾಪಾಯ ಎಷ್ಟರಮಟ್ಟಿಗಿದೆ? ಮಾರ್ವಾಡಿ ಕುದುರೆಯನ್ನು ಜನ ಮೊದಲು ನೋಡುವುದೇ ಅದರ ಒಳಬಾಗಿದ ಕಿವಿಗಳನ್ನು. ಕಿವಿಯ ನಿಲುವು ಕೆಡದಂತೆ ಇದನ್ನು ತೆಗೆಯಲು ಸಾಧ್ಯವೇ? ಮುಂದೆ ಈ ಗಂಡನ್ನು ತಳಿಗೆ ಬಳಸಬೇಕೆಂದಿದ್ದೆ. ಆ ಯೋಚನೆಯನ್ನು ಕೈಬಿಡಬೇಕೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

---

ಅಶ್ವಶಸ್ತ್ರವೈದ್ಯೆ ಅವರ ಉತ್ತರ

ನೀವು ವಿವರಿಸಿದ ಲಕ್ಷಣಗಳು ಈ ದೋಷದ ಮಾದರಿ ಚಿತ್ರಕ್ಕೆ ಸರಿಯಾಗಿ ಹೊಂದುತ್ತವೆ. ಎಳೆಯ ಪ್ರಾಣಿ, ಕಿವಿಯ ಮುಂಅಂಚಿನಲ್ಲಿ ಸಣ್ಣ ರಂಧ್ರ, ನೋವಿಲ್ಲದೆ ಒಸರುವ ಲೋಳೆ, ಬುಡದಲ್ಲಿ ಗಟ್ಟಿ ಗಂಟು, ಪ್ರತಿಜೀವಕಕ್ಕೆ ತಾತ್ಕಾಲಿಕವಾಗಿ ಮಾತ್ರ ಬಗ್ಗುವ ಸ್ವಭಾವ, ಇವೆಲ್ಲ ಒಟ್ಟಿಗೆ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಡೆಂಟಿಜೀರಸ್ ಸಿಸ್ಟ್ ಎಂದು ಪಠ್ಯಗಳಲ್ಲಿ ಬರೆಯಲಾಗುವ ಹಲ್ಲುಚೀಲವನ್ನು. ಲಾಯಗಳಲ್ಲಿ ಇದನ್ನು ಸುಮ್ಮನೆ ಕಿವಿಹಲ್ಲು ಎನ್ನುತ್ತಾರೆ. ಸಾಮಾನ್ಯವಾಗಿ ಮೂರು ವರ್ಷದೊಳಗಿನ ಕುದುರೆಗಳಲ್ಲಿ, ಅದರಲ್ಲೂ ಹಾಲ್ಟರ್ ಮತ್ತು ಲಗಾಮು ಹಾಕಲು ಆರಂಭಿಸಿದಾಗ ಇದು ಬೆಳಕಿಗೆ ಬರುತ್ತದೆ. ಅಲ್ಲಿಯವರೆಗೆ ಆ ಜಾಗವನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ.

ಹಲ್ಲು ಅಲ್ಲಿಗೆ ಬಂದದ್ದು ಬಾಯಿಯಿಂದ ಸರಿದು ಅಲ್ಲ. ಭ್ರೂಣದ ಬೆಳವಣಿಗೆಯ ಆರಂಭದಲ್ಲಿ ಕತ್ತಿನ ಎರಡೂ ಬದಿಗಳಲ್ಲಿ ಕಮಾನಿನಾಕಾರದ ರಚನೆಗಳು ಮೂಡುತ್ತವೆ. ಅವುಗಳಲ್ಲಿ ಮೊದಲನೆಯದರಿಂದ ಮೇಲಿನ ಮತ್ತು ಕೆಳಗಿನ ದವಡೆಗಳು, ಅಗಿಯುವ ಸ್ನಾಯುಗಳು, ಮಧ್ಯಕಿವಿಯ ಎರಡು ಪುಟ್ಟ ಮೂಳೆಗಳು ರೂಪುಗೊಳ್ಳುತ್ತವೆ. ಆ ಕಮಾನಿಗೂ ಅದರ ಹಿಂದಿನದಕ್ಕೂ ನಡುವೆ ಇರುವ ಸೀಳು ಪೂರ್ಣವಾಗಿ ಮುಚ್ಚಿಕೊಳ್ಳದೆ ಹೋದಾಗ, ಹಲ್ಲು ಕಟ್ಟಬಲ್ಲ ಕೆಲವು ಕೋಶಗಳು ಕಿವಿಯ ಬಳಿಯೇ ಉಳಿದುಬಿಡುತ್ತವೆ ಎಂಬುದು ಇದಕ್ಕೆ ಕೊಡಲಾಗುವ ವಿವರಣೆ. ದವಡೆಯೂ ಕಿವಿಯ ಭಾಗಗಳೂ ಒಂದೇ ಮೂಲದಿಂದ ಬಂದಿರುವುದರಿಂದ, ಕೇಳಲು ವಿಚಿತ್ರವೆನಿಸಿದರೂ ಇದರಲ್ಲಿ ಒಂದು ತರ್ಕವಿದೆ. ಹೀಗೆ ಉಳಿದ ಕೋಶಗಳು ಮುಂದೆ ಹಲ್ಲಿನ ಗಟ್ಟಿ ಪದರಗಳಾದ ಎನಾಮೆಲ್, ಡೆಂಟಿನ್, ಸಿಮೆಂಟಮ್ ಮೂರನ್ನೂ ಕಟ್ಟುತ್ತವೆ. ಕೆಲವೊಮ್ಮೆ ಪರಿಪೂರ್ಣ ಆಕಾರದ ಒಂದು ಹಲ್ಲು, ಕೆಲವೊಮ್ಮೆ ಹಲವು ಹಲ್ಲುಗಳು, ಕೆಲವೊಮ್ಮೆ ಆಕಾರವಿಲ್ಲದ ಗಟ್ಟಿ ಮುದ್ದೆ ಸಿಗುತ್ತದೆ. ಹಲ್ಲೇ ಇಲ್ಲದೆ ಬರಿಯ ಚೀಲ ಮತ್ತು ನಾಳ ಮಾತ್ರ ಇರುವ ಪ್ರಕರಣಗಳೂ ಉಂಟು. ಒಮ್ಮೊಮ್ಮೆ ಎರಡೂ ಕಿವಿಗಳಲ್ಲಿ ಇರುತ್ತದೆ, ಆದ್ದರಿಂದ ಎಡಗಿವಿಯ ಬುಡವನ್ನೂ ಒಮ್ಮೆ ಒತ್ತಿ ನೋಡಿ.

ಒಸರುತ್ತಿರುವುದು ಕೀವಲ್ಲ ಎಂಬುದನ್ನು ಗಮನಿಸಬೇಕು. ಹಲ್ಲನ್ನು ಸುತ್ತುವರಿದ ಚೀಲದ ಒಳಗೋಡೆಯಲ್ಲಿ ದ್ರವ ಸ್ರವಿಸುವ ಹೊದಿಕೆಯಿದೆ. ಆ ಹೊದಿಕೆ ಜೀವಂತವಾಗಿರುವವರೆಗೂ ದ್ರವ ಬರುತ್ತಲೇ ಇರುತ್ತದೆ. ಹೊರಗಿನಿಂದ ಸೋಂಕು ತಗುಲಿದಾಗ ಅದರೊಡನೆ ಕೀವು ಸೇರುತ್ತದೆ, ಪ್ರತಿಜೀವಕ ಆ ಸೋಂಕನ್ನಷ್ಟೇ ಇಳಿಸುತ್ತದೆ. ಇದೇ ಕಾರಣಕ್ಕೆ, ಹುಣ್ಣೆಂದು ಭಾವಿಸಿ ಗಂಟನ್ನು ಸೀಳಿ ತೊಳೆಯುವುದರಿಂದ, ಅಯೋಡಿನ್ ಬತ್ತಿ ತುರುಕುವುದರಿಂದ ಇದು ವಾಸಿಯಾಗುವುದಿಲ್ಲ. ಹಾಗೆ ಮಾಡಿದರೆ ಸುತ್ತಲಿನ ಮಾಂಸ ಗಡುಸಾಗಿ, ಮುಂದೆ ನಿಜವಾದ ಶಸ್ತ್ರಚಿಕಿತ್ಸೆಯ ವೇಳೆ ಚೀಲದ ಅಂಚು ಎಲ್ಲಿ ಮುಗಿಯುತ್ತದೆಂದು ಗುರುತಿಸುವುದೇ ಕಷ್ಟವಾಗುತ್ತದೆ. ನಿಮ್ಮ ಮರಿಯ ಗಂಟನ್ನು ಇನ್ನೂ ಯಾರೂ ಕೊಯ್ದಿಲ್ಲವೆಂದು ತಿಳಿಯುತ್ತೇನೆ. ಮುಂದೆಯೂ ಹಾಗೆ ಮಾಡಲು ಬಿಡಬೇಡಿ.

ಶಸ್ತ್ರಚಿಕಿತ್ಸೆಗೆ ಮುನ್ನ ಒಂದೇ ಕೋನದ ಎಕ್ಸ್‌ರೇ ಸಾಲದು. ತಲೆಯ ಎರಡು ಬದಿಗಳ ನೆರಳು ಒಂದರ ಮೇಲೊಂದು ಬೀಳದಂತೆ ಓರೆಯಾಗಿ ತೆಗೆದ ಚಿತ್ರಗಳು ಬೇಕು. ರಂಧ್ರದ ಮೂಲಕ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ ದ್ರವವನ್ನು ಹಾಯಿಸಿ ಮತ್ತೆ ಚಿತ್ರ ತೆಗೆದರೆ ನಾಳ ಯಾವ ಜಾಡಿನಲ್ಲಿ ಹೋಗಿ ಎಲ್ಲಿ ಮುಗಿಯುತ್ತದೆಂಬುದು ಕಾಣುತ್ತದೆ. ಸಿ.ಟಿ. ಸ್ಕ್ಯಾನ್ ದೊರೆಯುವ ಕಡೆ ಅದೇ ಎಲ್ಲಕ್ಕಿಂತ ಮೇಲು, ಏಕೆಂದರೆ ನಮಗೆ ನಿಜವಾಗಿ ಬೇಕಾಗಿರುವ ಉತ್ತರ ಹಲ್ಲು ಇದೆಯೇ ಎಂಬುದಲ್ಲ, ಅದು ತಲೆಬುರುಡೆಯ ಪಕ್ಕದ ಟೆಂಪೊರಲ್ ಮೂಳೆಗೆ ಎಷ್ಟು ಬಲವಾಗಿ ಕಚ್ಚಿಕೊಂಡಿದೆ, ಅದರ ಹಿಂದೆ ಮೆದುಳಿನ ಕುಹರಕ್ಕೂ ಅದಕ್ಕೂ ನಡುವೆ ಎಷ್ಟು ದಪ್ಪದ ಮೂಳೆ ಉಳಿದಿದೆ ಎಂಬುದು. ಮಾಂಸದಲ್ಲಿ ಸಡಿಲವಾಗಿ ಕುಳಿತ ಹಲ್ಲನ್ನು ತೆಗೆಯುವುದು ಸುಲಭದ ಕೆಲಸ. ಮೂಳೆಯೊಳಗೆ ಬೇರೂರಿದ ಹಲ್ಲನ್ನು ತೆಗೆಯುವಾಗ ಉಳಿಯ ಒಂದು ತಪ್ಪು ಏಟು ತಲೆಬುರುಡೆಯನ್ನೇ ಒಡೆಯಬಹುದು. ನೀವು ಹೇಳಿದ ಗಂಟು ಅಲುಗಾಡುವುದಿಲ್ಲವೆಂದಾದರೆ ಎರಡನೆಯ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಿದ್ಧತೆ ನಡೆಯಬೇಕು.

ಶಸ್ತ್ರಚಿಕಿತ್ಸೆಯಲ್ಲಿ ಮರಿಯನ್ನು ಪೂರ್ಣ ಅರಿವಳಿಕೆಯಲ್ಲಿ, ದೋಷವಿರುವ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ ಮಲಗಿಸುತ್ತೇವೆ. ರಂಧ್ರದೊಳಗೆ ತೆಳುವಾದ, ಬಾಗುವ ಸಲಾಕೆಯನ್ನು ತೂರಿಸಿ, ಅಥವಾ ಮಿಥಿಲೀನ್ ಬ್ಲೂ ಬಣ್ಣವನ್ನು ಹಾಯಿಸಿ ನಾಳದ ಗೋಡೆ ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳುತ್ತೇವೆ. ಬಳಿಕ ರಂಧ್ರದ ಸುತ್ತ ಎಲೆಯಾಕಾರದಲ್ಲಿ ಚರ್ಮವನ್ನು ಕೊಯ್ದು, ನಾಳವನ್ನು ಒಡೆಯದೆ, ಅದರ ಜಾಡು ಹಿಡಿದು ಬುಡದ ಚೀಲದವರೆಗೆ ಬಿಡಿಸುತ್ತಾ ಹೋಗುತ್ತೇವೆ. ಚೀಲವನ್ನು ಸುತ್ತಲಿನಿಂದ ಬಿಡಿಸಿದ ಮೇಲೆ ಹಲ್ಲನ್ನು ಎಲಿವೇಟರ್ ಎಂಬ ಸನ್ನೆಯಂಥ ಉಪಕರಣದಿಂದ ಸಡಿಲಿಸಿ, ಮೂಳೆಗೆ ಅಂಟಿದ್ದರೆ ಸಣ್ಣ ಉಳಿಯಿಂದ ಅಥವಾ ತಿರುಗುತ್ತಾ ಕೊರೆಯುವ ಬರ್‌ನಿಂದ ತಾಳ್ಮೆಯಿಂದ ಬೇರ್ಪಡಿಸಿ ಹೊರತೆಗೆಯುತ್ತೇವೆ. ನೋಡುವವರಿಗೆ ಹಲ್ಲು ಹೊರಬಂದ ಕ್ಷಣವೇ ಕೆಲಸ ಮುಗಿದಂತೆ ತೋರುತ್ತದೆ. ನನ್ನ ದೃಷ್ಟಿಯಲ್ಲಿ ಹಲ್ಲಿಗಿಂತ ಚೀಲವೇ ಮುಖ್ಯ. ಹಲ್ಲನ್ನು ತೆಗೆದು ಹೊದಿಕೆಯ ಚೂರೊಂದನ್ನು ಬಿಟ್ಟರೆ, ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ರಂಧ್ರ ಮತ್ತೆ ತೆರೆದು ಒಸರಲು ಆರಂಭಿಸುತ್ತದೆ, ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಠಿಣವಾಗುತ್ತದೆ. ಪೂರ್ಣವಾಗಿ ತೆಗೆದರೆ ಫಲಿತಾಂಶ ಸಾಮಾನ್ಯವಾಗಿ ಬಹಳ ಚೆನ್ನಾಗಿರುತ್ತದೆ.

ಕಿವಿಯ ನಿಲುವಿನ ಬಗ್ಗೆ ನಿಮಗಿರುವ ಆತಂಕ ಬರಿಯ ಸೌಂದರ್ಯದ ಪ್ರಶ್ನೆಯಲ್ಲ. ಮುಖನರದ ಒಂದು ಕವಲು ಕಿವಿಯ ಬುಡದ ಮುಂದಿನಿಂದಲೇ ಮೇಲೇರಿ ಕಿವಿಯನ್ನು ಆಡಿಸುವ ಸ್ನಾಯುಗಳಿಗೂ ಕಣ್ಣುರೆಪ್ಪೆ ಮುಚ್ಚುವ ಸ್ನಾಯುವಿಗೂ ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಕಿವಿ ಜೋತುಬೀಳುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ರೆಪ್ಪೆ ಮುಚ್ಚದೆ ಕಣ್ಣಿನ ಕಾರ್ನಿಯಾ ಒಣಗಿ ಹುಣ್ಣಾಗುತ್ತದೆ. ನರವನ್ನು ಎಳೆದಷ್ಟೇ ಆಗಿದ್ದರೆ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ, ಕತ್ತರಿಸಿಹೋದರೆ ಚೇತರಿಕೆಯನ್ನು ನಂಬಿ ಕೂರಲಾಗದು. ಚೀಲದ ಗೋಡೆಗೆ ಒತ್ತಿಕೊಂಡೇ ಬಿಡಿಸುತ್ತಾ ಹೋದರೆ ನರ ಬಹುಮಟ್ಟಿಗೆ ಸುರಕ್ಷಿತ. ಕಿವಿಯ ಮೃದ್ವಸ್ಥಿಯನ್ನು ಕೊಯ್ಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಮುಂಅಂಚಿನ ಚರ್ಮವನ್ನು ಅಗತ್ಯಕ್ಕಿಂತ ಹೆಚ್ಚು ತೆಗೆದು ಬಿಗಿಯಾಗಿ ಹೊಲಿದರೆ ಗಾಯದ ಕಲೆ ಕುಗ್ಗುವಾಗ ಕಿವಿಯನ್ನು ಎಳೆಯಬಹುದು. ಮಾರ್ವಾಡಿ ಕುದುರೆಯಲ್ಲಿ ಅಂಥ ಸಣ್ಣ ಎಳೆತವೂ ಎದ್ದು ಕಾಣುತ್ತದೆ. ಈ ಸಂಗತಿಯನ್ನು ಶಸ್ತ್ರವೈದ್ಯರಿಗೆ ಮೊದಲೇ ಹೇಳಿ, ಎರಡೂ ಕಿವಿಗಳ ಛಾಯಾಚಿತ್ರಗಳನ್ನು ಮುಂಭಾಗದಿಂದ ತೆಗೆದಿಟ್ಟುಕೊಳ್ಳಿ.

ತಳಿಯ ವಿಷಯದಲ್ಲಿ, ಈ ದೋಷ ಆನುವಂಶಿಕವೆಂದು ಸಾಬೀತಾಗಿಲ್ಲ. ಯಾವುದೇ ತಳಿಗೆ ಅಥವಾ ಲಿಂಗಕ್ಕೆ ಇದು ವಿಶೇಷವಾಗಿ ಅಂಟಿಕೊಂಡಿರುವುದೂ ಕಂಡುಬಂದಿಲ್ಲ. ಇದೊಂದೇ ಕಾರಣಕ್ಕೆ ಗಂಡನ್ನು ತಳಿಯಿಂದ ಹೊರಗಿಡಬೇಕೆಂದು ನಾನು ಹೇಳಲಾರೆ. ಆದರೆ ಹೆಣ್ಣುಕುದುರೆಯನ್ನು ತರುವವರಿಗೆ ವಿಷಯ ತಿಳಿಸುವುದು ನಿಮ್ಮ ಹೊಣೆ.

---

ಹಳೆಯ ಸವಾರ ಅವರ ಅಭಿಪ್ರಾಯ

ವೈದ್ಯರ ವಿವರಣೆಗೆ ವಿರುದ್ಧವಾಗಿ ಹೇಳುವಷ್ಟು ವಿದ್ಯೆ ನನ್ನಲ್ಲಿಲ್ಲ. ಆದರೂ ಕಿವಿಯಿಂದ ಹೀಗೆ ಒಸರುತ್ತಿದ್ದ ಒಂದು ಹೆಣ್ಣುಕುದುರೆ ನಾನು ಕೆಲಸ ಮಾಡುತ್ತಿದ್ದ ಲಾಯದಲ್ಲಿತ್ತು. ದಿನವೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆವು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೇನೂ ಮಾಡಲಿಲ್ಲ, ಮುದಿಯಾಗುವವರೆಗೂ ಸವಾರಿಗೆ ಬಂತು. ನೋವಿಲ್ಲದ, ಮೇವಿಗೆ ಅಡ್ಡಿಯಾಗದ ದೋಷಕ್ಕಾಗಿ ಕುದುರೆಯನ್ನು ಮಲಗಿಸಿ ಅರಿವಳಿಕೆ ಕೊಡುವುದು ಸಣ್ಣ ಸಂಗತಿಯಲ್ಲ. ಮೇಜಿನ ಮೇಲೆ ಚೆನ್ನಾಗಿಯೇ ಇದ್ದ ಕುದುರೆ ಎಚ್ಚರಗೊಂಡು ಏಳುವಾಗ ಕಾಲು ಮುರಿದುಕೊಂಡದ್ದನ್ನು ಕೇಳಿದವರು ಈ ಮಾತನ್ನು ಒಪ್ಪುತ್ತಾರೆ. ಮೊದಲು ಸುಮ್ಮನೆ ಕಾದು ನೋಡಬಾರದೇಕೆ?

---

ಅರಿವಳಿಕೆ ವಿಭಾಗದವನು ಅವರ ಉತ್ತರ

ಹಿರಿಯರು ಎತ್ತಿದ ಮಾತು ಸರಿಯಾದದ್ದೇ, ಅದನ್ನು ಭಯವೆಂದು ತಳ್ಳಿಹಾಕುವಂತಿಲ್ಲ. 2002ರಲ್ಲಿ ಪ್ರಕಟವಾದ, 40 ಸಾವಿರಕ್ಕೂ ಹೆಚ್ಚು ಅರಿವಳಿಕೆ ಪ್ರಕರಣಗಳನ್ನು ಒಳಗೊಂಡ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ, ಉದರಶೂಲೆಯ ಕುದುರೆಗಳನ್ನು ಬಿಟ್ಟು ಉಳಿದವುಗಳಲ್ಲಿ, ಅರಿವಳಿಕೆಯಾದ ಏಳು ದಿನಗಳೊಳಗಿನ ಸಾವಿನ ಪ್ರಮಾಣ ಶೇಕಡ 0.9 ಇತ್ತು. ಅಂದರೆ ನೂರಕ್ಕೆ ಹೆಚ್ಚುಕಡಿಮೆ ಒಂದು. ನಾಯಿ, ಬೆಕ್ಕು, ಮನುಷ್ಯರಿಗೆ ಹೋಲಿಸಿದರೆ ಇದು ಬಹಳ ಹೆಚ್ಚು. ಅದರಲ್ಲಿ ಹೃದಯಸ್ತಂಭನದ ಜೊತೆಗೆ, ಎಚ್ಚರಗೊಳ್ಳುವಾಗಿನ ಮೂಳೆ ಮುರಿತಕ್ಕೂ, ಬಹಳ ಹೊತ್ತು ಮಲಗಿದ್ದರಿಂದ ಅಡಿಯಲ್ಲಿ ಸಿಕ್ಕ ಸ್ನಾಯುಗಳು ಹಾಳಾಗುವುದಕ್ಕೂ ದೊಡ್ಡ ಪಾಲಿದೆ.

ಆದರೆ ಸರಾಸರಿ ಅಂಕಿಯನ್ನು ಹಾಗೆಯೇ ಈ ಮರಿಗೆ ಅನ್ವಯಿಸಬಾರದು. ಒಂದೂವರೆ ವರ್ಷದ ಆರೋಗ್ಯವಂತ ಪ್ರಾಣಿ, ಮೊದಲೇ ದಿನ ಗೊತ್ತುಮಾಡಿ ಮಾಡುವ ಶಸ್ತ್ರಚಿಕಿತ್ಸೆ, ಕಡಿಮೆ ಅವಧಿ, ಹಗುರವಾದ ಮೈ, ಇವೆಲ್ಲ ಅದರ ಪರವಾಗಿವೆ. ವಯಸ್ಸಾಗಿ ತೂಕ ಹೆಚ್ಚಿದ ಮೇಲೆ ಅದೇ ಕೆಲಸ ಇನ್ನಷ್ಟು ಅಪಾಯದ್ದಾಗುತ್ತದೆ. ಮಲಗಿಸುವ ಮುನ್ನ ಬಾಯಿಯನ್ನು ನೀರಿನಿಂದ ಚೆನ್ನಾಗಿ ತೊಳೆದು, ಹಲ್ಲಿನ ಸಂದಿನ ಹುಲ್ಲಿನ ಚೂರುಗಳು ಕೊಳವೆಯ ಜೊತೆ ಶ್ವಾಸನಾಳಕ್ಕೆ ಹೋಗದಂತೆ ನೋಡಿಕೊಳ್ಳಬೇಕು. ದಪ್ಪ ಹಾಸಿಗೆ ಬೇಕು. ಹೆಚ್ಚಿನವರು ಮರೆಯುವ ಒಂದು ಸಣ್ಣ ಸಂಗತಿಯೆಂದರೆ ಹಾಲ್ಟರ್. ಅದನ್ನು ಬಿಚ್ಚದೆ ಮಲಗಿಸಿದರೆ, ಕೆಳಗಾದ ಕೆನ್ನೆಯ ಕಡೆ ಅದರ ಲೋಹದ ಬಳೆ ಮುಖನರವನ್ನು ಒತ್ತಿ, ಶಸ್ತ್ರಚಿಕಿತ್ಸೆಯೇ ಆಗದ ಬದಿಯ ತುಟಿ ಸೊಟ್ಟಗಾಗುತ್ತದೆ. ಬಲಗಿವಿಯ ನರವನ್ನು ಕಾಪಾಡಲು ಅಷ್ಟೊಂದು ಎಚ್ಚರ ವಹಿಸಿ ಎಡಗೆನ್ನೆಯ ನರವನ್ನು ಹೀಗೆ ಕಳೆದುಕೊಂಡರೆ ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

ನಿಂತಿರುವಂತೆಯೇ ಮಾಡುವ ದಾರಿಯೂ ಇದೆ. ಡೆಟೊಮಿಡಿನ್‌ನಂಥ ಮಂಪರು ಔಷಧವನ್ನು ರಕ್ತನಾಳದ ಮೂಲಕ ಹನಿಹನಿಯಾಗಿ ಹರಿಸುತ್ತಾ, ಜೊತೆಗೆ ನೋವು ನಿವಾರಕ ಬ್ಯುಟಾರ್ಫನಾಲ್ ಕೊಟ್ಟು, ಕಿವಿಯ ನರಗಳನ್ನು ಸ್ಥಳೀಯ ಅರಿವಳಿಕೆಯಿಂದ ಮರಗಟ್ಟಿಸಿ, ತಲೆಯನ್ನು ಆಧಾರದ ಮೇಲಿರಿಸಿ ಕೆಲಸ ಮುಗಿಸುವವರಿದ್ದಾರೆ. ಹಲ್ಲು ಸಡಿಲವಾಗಿದ್ದು, ಕುದುರೆ ಜನರ ಕೈಗೆ ಪಳಗಿದ್ದರೆ ಇದು ಒಳ್ಳೆಯ ಆಯ್ಕೆ. ಮೂಳೆಗೆ ಅಂಟಿದ ಹಲ್ಲಿಗೆ ಉಳಿ ತಾಗಿಸಬೇಕಾಗಿ ಬಂದಾಗ, ಈಗಷ್ಟೇ ಹಾಲ್ಟರ್ ಕಲಿಯುತ್ತಿರುವ ಗಂಡುಮರಿ ಒಮ್ಮೆ ತಲೆ ಕೊಡವಿದರೂ ಸಾಕು, ನೀವು ತಪ್ಪಿಸಬೇಕೆಂದುಕೊಂಡ ಅಪಾಯವೇ ಎದುರಾಗುತ್ತದೆ. ಈ ಮರಿಗೆ ಪೂರ್ಣ ಅರಿವಳಿಕೆಯೇ ಸೂಕ್ತವೆಂದು ನನ್ನ ಅಭಿಪ್ರಾಯ.

---

ಅಶ್ವಶಸ್ತ್ರವೈದ್ಯೆ

ಕಾದು ನೋಡುವುದು ತಪ್ಪಲ್ಲವೆಂದು ನಾನೂ ಒಪ್ಪುತ್ತೇನೆ. ಕಿವಿಹಲ್ಲು ತುರ್ತು ಕಾಯಿಲೆಯಲ್ಲ. ಗಂಟು ದೊಡ್ಡದಾಗದೆ, ಸೋಂಕು ತಗುಲದೆ, ಲಗಾಮಿನ ಪಟ್ಟಿ ತಾಗಿದಾಗ ಕುದುರೆ ತಲೆ ಎತ್ತದೆ ಇದ್ದರೆ, ಮಾಲೀಕರು ಹಾಗೆಯೇ ಬಿಟ್ಟು ಜೀವಮಾನವಿಡೀ ನಿಭಾಯಿಸಿದ್ದಾರೆ. ಆದರೆ ಸವಾರಿ ಕುದುರೆಯ ತಲೆಪಟ್ಟಿ ಬೀಳುವುದು ನಿಖರವಾಗಿ ಅದೇ ಜಾಗದಲ್ಲಿ. ಪ್ರತಿದಿನ ಅಲ್ಲಿ ಉಜ್ಜಿ ನೋವಾದರೆ ಮರಿ ಲಗಾಮನ್ನೇ ದ್ವೇಷಿಸಲು ಕಲಿಯುತ್ತದೆ, ಆ ಅಭ್ಯಾಸವನ್ನು ಮುಂದೆ ಬಿಡಿಸುವುದು ಹಲ್ಲನ್ನು ತೆಗೆಯುವುದಕ್ಕಿಂತ ಕಷ್ಟ. ನಮ್ಮ ಹವೆಯಲ್ಲಿ ನೊಣದ ಕಾಟ ಬೇರೆ. ಈ ಮರಿಯ ಮಟ್ಟಿಗೆ ನನ್ನ ಸಲಹೆ ಇಷ್ಟು: ಮಳೆಗಾಲ ಮುಗಿದು ನೊಣಗಳು ಇಳಿಯುವವರೆಗೆ ನಿಶ್ಚಿಂತೆಯಿಂದ ಕಾಯಿರಿ, ಅಷ್ಟರಲ್ಲಿ ಚಿತ್ರಗಳನ್ನೆಲ್ಲ ಸರಿಯಾಗಿ ತೆಗೆಸಿ, ಧನುರ್ವಾಯು ಲಸಿಕೆಯನ್ನು ಪೂರ್ಣಗೊಳಿಸಿ, ಸವಾರಿ ತರಬೇತಿ ಶುರುವಾಗುವ ಮೊದಲು ತೆಗೆಸಿಬಿಡಿ.

---

ಲಾಯದೊಡೆಯ, ಮೈಸೂರು

ಎಲ್ಲರ ಉತ್ತರಗಳಿಗೆ ಕೃತಜ್ಞತೆಗಳು. ಎಡಗಿವಿಯನ್ನು ಒತ್ತಿ ನೋಡಿದೆ, ಅಲ್ಲಿ ಏನೂ ಸಿಗಲಿಲ್ಲ. ಗಂಟನ್ನು ಈವರೆಗೆ ಯಾರೂ ಕೊಯ್ದಿಲ್ಲ. ಹಿರಿಯ ಸವಾರರ ಮಾತಿನಿಂದ ಅವಸರ ಬೇಡವೆಂಬುದೂ, ವೈದ್ಯರ ಮಾತಿನಿಂದ ಅನಿರ್ದಿಷ್ಟವಾಗಿ ಮುಂದೂಡಬಾರದೆಂಬುದೂ ಮನದಟ್ಟಾಯಿತು. ಶಸ್ತ್ರಚಿಕಿತ್ಸೆಯ ನಂತರ ಲಾಯದಲ್ಲಿ ಏನೇನು ನೋಡಿಕೊಳ್ಳಬೇಕೆಂದು ಅನುಭವವಿರುವವರು ತಿಳಿಸಿದರೆ ಅನುಕೂಲ.

ಹಲ್ಲಿನ ವಿಷಯವೇ ಆದ್ದರಿಂದ ಇನ್ನೊಂದನ್ನೂ ಇಲ್ಲಿಯೇ ಕೇಳುತ್ತೇನೆ. ಇದೇ ಲಾಯದಲ್ಲಿ ನಾಲ್ಕು ತಿಂಗಳ ಹೆಣ್ಣುಮರಿಯೊಂದಿದೆ, ಇದರ ತಾಯಿ ಬೇರೆ. ಅದರ ಮೇಲಿನ ಬಾಚಿಹಲ್ಲುಗಳು ಕೆಳಗಿನವಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಮುಂದೆ ಚಾಚಿವೆ. ಹಾಲು ಚೆನ್ನಾಗಿ ಕುಡಿಯುತ್ತದೆ. ಇದಕ್ಕೂ ಅವಸರವಿಲ್ಲವೆಂದು ತಿಳಿಯಬಹುದೇ?

---

ಕುಣಿಗಲ್ ಕಡೆಯವನು ಅವರ ಉತ್ತರ

ತಳಿ ಕ್ಷೇತ್ರವೊಂದರಲ್ಲಿ ಮರಿಗಳ ಆರೈಕೆ ನೋಡಿಕೊಳ್ಳುತ್ತಿದ್ದವನಾಗಿ, ಶಸ್ತ್ರಚಿಕಿತ್ಸೆಯ ನಂತರದ ದಿನಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಗಾಯದಲ್ಲಿ ರಕ್ತ ಮತ್ತು ನೀರು ಸೇರದಂತೆ ಮೃದುವಾದ ರಬ್ಬರ್ ನಾಳವನ್ನು ಇಟ್ಟಿದ್ದರೆ ಎರಡು ಮೂರು ದಿನಗಳಲ್ಲಿ ವೈದ್ಯರು ತೆಗೆಯುತ್ತಾರೆ. ಅಲ್ಲಿಯವರೆಗೆ ಅದರಿಂದ ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗಬೇಡಿ, ಕೆಳಗಿನ ಚರ್ಮಕ್ಕೆ ವ್ಯಾಸಲೀನ್ ಹಚ್ಚಿದರೆ ಕೂದಲು ಉದುರುವುದಿಲ್ಲ. ಹೊಲಿಗೆಯ ಮೇಲೆ ಒತ್ತುಪಟ್ಟಿಯನ್ನು ಹೊಲಿದು ಕಳುಹಿಸಿದರೆ ಅದನ್ನು ಮನೆಯಲ್ಲಿ ಬಿಚ್ಚಬಾರದು. ಹೊಲಿಗೆಗಳನ್ನು ಸಾಮಾನ್ಯವಾಗಿ 12ರಿಂದ 14 ದಿನಗಳ ನಂತರ ತೆಗೆಯುತ್ತಾರೆ.

ಆ ಅವಧಿಯಲ್ಲಿ ತಲೆಗೆ ಹಾಲ್ಟರ್ ಹಾಕಲೇಬಾರದು. ಅಗಲವಾದ ಕತ್ತುಪಟ್ಟಿಯಿಂದ ಮರಿಯನ್ನು ನಡೆಸುವುದನ್ನು ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಅಭ್ಯಾಸ ಮಾಡಿಸಿ, ನೋವಿರುವ ಮರಿಗೆ ಹೊಸದನ್ನು ಕಲಿಸಲು ಹೋಗಬೇಡಿ. ಲಾಯದ ಗೋಡೆಯಲ್ಲಿ, ಬಾಗಿಲ ಚೌಕಟ್ಟಿನಲ್ಲಿ ಕಿವಿ ಉಜ್ಜಲು ಸಿಗುವ ಮೊಳೆ, ಕೊಂಡಿಗಳನ್ನೆಲ್ಲ ಕಿತ್ತುಹಾಕಿ. ಗಾಯ ತುರಿಸಲು ಆರಂಭಿಸುವುದು ಒಂದು ವಾರದ ಹೊತ್ತಿಗೆ, ಹೊಲಿಗೆ ಹರಿಯುವುದೂ ಆಗಲೇ. ಮೇವನ್ನು ಎತ್ತರದ ಬಲೆಯಲ್ಲಿ ಕಟ್ಟದೆ ಎದೆಮಟ್ಟದಲ್ಲಿ ಇಡಿ. ನೊಣ ಕೂರಲು ಬಿಟ್ಟರೆ ಎರಡು ದಿನದಲ್ಲಿ ಹುಳು ಬೀಳುತ್ತದೆ, ಆದ್ದರಿಂದ ಗಾಯದ ಸುತ್ತ ನೊಣ ನಿವಾರಕ ಹಚ್ಚಿ, ಗಾಯದ ಮೇಲೆ ಹಚ್ಚಬೇಡಿ.

ಪ್ರತಿದಿನ ಬೆಳಿಗ್ಗೆ ಮರಿಯ ಮುಖವನ್ನು ಎದುರಿನಿಂದ ನೋಡಿ. ಎರಡೂ ಕಿವಿ ಸಮವಾಗಿ ಏಳುತ್ತವೆಯೇ, ಬಲಗಣ್ಣು ಪೂರ್ತಿ ಮುಚ್ಚುತ್ತದೆಯೇ, ಮೇಲ್ದುಟಿ ಎಡಕ್ಕೆ ಎಳೆದಿದೆಯೇ ಎಂಬುದನ್ನು ಗಮನಿಸಿ. ಕಣ್ಣು ಮುಚ್ಚದಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ನರ ಚೇತರಿಸಿಕೊಳ್ಳುವವರೆಗೆ ಕಣ್ಣಿಗೆ ಮುಲಾಮು ಹಾಕಿ ತೇವವಾಗಿಡಬೇಕಾಗುತ್ತದೆ. ತಲೆ ವಾಲಿಸುವುದು, ತೂರಾಡುವುದು, ಜ್ವರ, ಮೇವು ಬಿಡುವುದು ಕಂಡರೆ ಬೆಳಗಾಗಲೆಂದು ಕಾಯಬಾರದು. ನೋವಿನ ಪುಡಿಯನ್ನು ಹೇಳಿದ ದಿನಗಳಿಗಿಂತ ಹೆಚ್ಚು ಕೊಡುವ ಆಸೆಯೂ ಬೇಡ, ನೋವು ನಿವಾರಕವಾದ ಫೆನೈಲ್‌ಬ್ಯುಟಜೋನ್ ಎಳೆಯ ಕುದುರೆಗಳ ಜಠರದಲ್ಲೂ ಕರುಳಲ್ಲೂ ಹುಣ್ಣು ಮಾಡುತ್ತದೆ.

---

ಅಶ್ವಶಸ್ತ್ರವೈದ್ಯೆ

ಹೆಣ್ಣುಮರಿಯ ವಿಷಯದಲ್ಲಿ ನನ್ನ ಉತ್ತರ ತದ್ವಿರುದ್ಧ. ಗಂಡುಮರಿಯ ಕಿವಿಹಲ್ಲು ಆರು ತಿಂಗಳು ಕಾದರೂ ಹೆಚ್ಚಿನ ನಷ್ಟವಿಲ್ಲ, ಹೆಣ್ಣುಮರಿಯ ಬಾಚಿಹಲ್ಲು ಕಾಯುವುದಿಲ್ಲ. ಲಾಯದವರು ಪ್ಯಾರಟ್ ಮೌತ್ ಎನ್ನುವ ಈ ದೋಷದಲ್ಲಿ ಹಲ್ಲುಗಳು ತಮ್ಮ ಜಾಗದಲ್ಲೇ ಇರುತ್ತವೆ, ಜಾಗ ತಪ್ಪಿರುವುದು ದವಡೆಗಳು. ಮೇಲ್ದವಡೆಯ ಮುಂಭಾಗ ಮುಂದಕ್ಕೆ ಬೆಳೆದಿರುತ್ತದೆ ಅಥವಾ ಕೆಳದವಡೆ ಹಿಂದೆ ಉಳಿದಿರುತ್ತದೆ. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಹೊರಬರುತ್ತಲೇ ಇರುತ್ತದೆ, ಎದುರಿನ ಹಲ್ಲು ತಾಗಿ ಸವೆಯುವುದರಿಂದಲೇ ಅದರ ಉದ್ದ ಹಿಡಿತದಲ್ಲಿರುವುದು. ಎದುರಿನದು ತಾಗದಿದ್ದರೆ ಮೇಲಿನ ಬಾಚಿಹಲ್ಲುಗಳು ಕೆಳಕ್ಕೆ ಇಳಿಯುತ್ತಾ ಹೋಗಿ, ಕೆಳಗಿನವನ್ನು ತಮ್ಮ ಹಿಂದೆ ಅಗುಳಿಯಂತೆ ಸಿಕ್ಕಿಸಿಬಿಡುತ್ತವೆ; ಆಮೇಲೆ ಕೆಳದವಡೆ ಮುಂದಕ್ಕೆ ಬೆಳೆಯಬೇಕೆಂದರೂ ದಾರಿಯಿರುವುದಿಲ್ಲ.

ಚಿಕಿತ್ಸೆ ದವಡೆಯ ಬೆಳವಣಿಗೆಯನ್ನೇ ಬಳಸಿಕೊಳ್ಳುತ್ತದೆ. ಅರಿವಳಿಕೆಯಲ್ಲಿ ಕೆನ್ನೆಯ ಹೊರಗಿನಿಂದ ಸಣ್ಣ ಕೊಯ್ತದ ಮೂಲಕ ಮೇಲ್ದವಡೆಯ ದವಡೆಹಲ್ಲುಗಳ ನಡುವೆ, ಒಸಡಿನ ಮಟ್ಟದಲ್ಲಿ, ರಂಧ್ರ ಕೊರೆದು ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ದಾಟಿಸುತ್ತೇವೆ. ಎರಡೂ ಬದಿಯ ತಂತಿಗಳನ್ನು ಬಾಯೊಳಗಿನಿಂದ ಮುಂದೆ ತಂದು ಮೇಲಿನ ಬಾಚಿಹಲ್ಲುಗಳ ಸುತ್ತ ಬಿಗಿದು ತಿರುಚಿದರೆ, ಮೇಲ್ದವಡೆಯ ಮುಂಭಾಗದ ಬೆಳವಣಿಗೆ ತಡೆಹಿಡಿಯಲ್ಪಡುತ್ತದೆ, ಕೆಳದವಡೆ ತನ್ನ ಪಾಡಿಗೆ ಬೆಳೆದು ಅದನ್ನು ಹಿಂದಿನಿಂದ ಬಂದು ಸೇರುತ್ತದೆ. ಮೇಲಿನ ಹಲ್ಲುಗಳು ಕೆಳಕ್ಕೂ ಇಳಿದಿದ್ದರೆ ಅಕ್ರಿಲಿಕ್ ಅಥವಾ ಅಲ್ಯೂಮಿನಿಯಂ ಫಲಕವೊಂದನ್ನು ಸೇರಿಸಿ, ಕೆಳಗಿನ ಬಾಚಿಹಲ್ಲುಗಳು ಅದರ ಮೇಲೆ ಜಾರಿ ಮುಂದೆ ಬರುವಂತೆ ಮಾಡುತ್ತೇವೆ. ಇದೆಲ್ಲ ಫಲಕೊಡುವುದು ದವಡೆ ವೇಗವಾಗಿ ಬೆಳೆಯುವ ಮೊದಲ ತಿಂಗಳುಗಳಲ್ಲಿ. ಮೂರರಿಂದ ಆರು ತಿಂಗಳ ವಯಸ್ಸು ಅತ್ಯುತ್ತಮ, ಎಂಟು ತಿಂಗಳು ದಾಟಿದ ಮೇಲೆ ಸಿಗುವ ಲಾಭ ಬೇಗನೆ ಕುಗ್ಗುತ್ತದೆ. ವರ್ಷ ಕಳೆದ ಮರಿಯನ್ನು ಕರೆತಂದು ತಂತಿ ಬಿಗಿಯಿರಿ ಎನ್ನುವವರಿಗೆ ಇಲ್ಲವೆಂದು ಹೇಳಬೇಕಾಗಿ ಬರುವುದು ನಮ್ಮ ಕೆಲಸದ ಬೇಸರದ ಭಾಗ.

ತಂತಿ ಹಾಕಿಸಿದ ಮೇಲೆ ಕೆಲಸ ಮುಗಿಯಿತೆಂದು ಭಾವಿಸುವಂತಿಲ್ಲ. ತಂತಿ ಸಡಿಲವಾಗುತ್ತದೆ, ತುಂಡಾಗುತ್ತದೆ, ಒಸಡನ್ನು ಕೆರಳಿಸುತ್ತದೆ. ಕೆಲವು ವಾರಗಳಿಗೊಮ್ಮೆ ಪರೀಕ್ಷಿಸಿ ಬಿಗಿಗೊಳಿಸಬೇಕು, ಕೆಲವೊಮ್ಮೆ ಹೊಸದನ್ನೇ ಹಾಕಬೇಕು, ಹೀಗೆ ಹಲವು ತಿಂಗಳು ನಡೆಯುತ್ತದೆ. ಪೂರ್ಣವಾಗಿ ಸರಿಯಾಗುತ್ತದೆಂಬ ಭರವಸೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಬಾಚಿಹಲ್ಲುಗಳು ಭಾಗಶಃವಾದರೂ ಒಂದಕ್ಕೊಂದು ತಾಗುವಂತಾದರೆ ಅದೇ ದೊಡ್ಡ ಗೆಲುವು. ಹಿಂದಿನ ದವಡೆಹಲ್ಲುಗಳನ್ನು ಮರೆಯಬೇಡಿ. ದವಡೆಗಳು ಸಾಲು ತಪ್ಪಿದಾಗ ಮೇಲಿನ ಸಾಲಿನ ಮೊದಲ ಹಲ್ಲಿನಲ್ಲೂ ಕೆಳಗಿನ ಸಾಲಿನ ಕೊನೆಯ ಹಲ್ಲಿನಲ್ಲೂ ಸವೆಯದ ಕೊಕ್ಕೆಗಳು ಬೆಳೆದು ನಾಲಗೆ, ಒಸಡುಗಳನ್ನು ಚುಚ್ಚುತ್ತವೆ. ತಂತಿ ಹಾಕಿಸಿದರೂ ಬಿಟ್ಟರೂ ಈ ಮರಿಯ ಹಲ್ಲನ್ನು ಜೀವಮಾನವಿಡೀ ಆರು ತಿಂಗಳಿಗೊಮ್ಮೆ ನೋಡಿಸಿ ಅರದಿಂದ ಉಜ್ಜಿಸಬೇಕು.

ತಳಿಯ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕಿವಿಹಲ್ಲಿನ ಬಗ್ಗೆ ನಾನು ತೋರಿದ ಉದಾರತೆಯನ್ನು ಇಲ್ಲಿ ತೋರಲಾರೆ. ಪ್ಯಾರಟ್ ಮೌತ್‌ನಲ್ಲಿ ಆನುವಂಶಿಕತೆಯ ಪಾಲಿದೆಯೆಂಬ ಸಂದೇಹ ಬಲವಾಗಿದೆ. ಆನುವಂಶಿಕ ದೋಷವನ್ನು ಶಸ್ತ್ರಚಿಕಿತ್ಸೆಯಿಂದ ಮರೆಮಾಚಿ ಪ್ರಾಣಿಯನ್ನು ಪ್ರದರ್ಶನಕ್ಕೋ ತಳಿಗೋ ಮಾರುವುದು ಅನೈತಿಕವೆಂದು ಅಮೆರಿಕದ ಪಶುವೈದ್ಯಕೀಯ ಸಂಘ ತನ್ನ ನೀತಿಯಲ್ಲಿಯೇ ಹೇಳಿದೆ. ತಂತಿಯನ್ನು ಮರಿ ಚೆನ್ನಾಗಿ ಮೇಯಲೆಂದು ಹಾಕಿಸಬೇಕು, ಈ ಹೆಣ್ಣಿನಿಂದ ಮರಿ ಪಡೆಯದಿರುವುದು ಒಳ್ಳೆಯದು, ಎಂದಾದರೂ ಮಾರುವುದಾದರೆ ಚಿಕಿತ್ಸೆಯ ದಾಖಲೆಯನ್ನೂ ಜೊತೆಗೆ ಕೊಡಬೇಕು.

ಈಗ ಮಾಡಬೇಕಾದದ್ದು, ಮರಿಯ ತುಟಿಗಳನ್ನು ಬಿಡಿಸಿ ತಲೆಯನ್ನು ಸಹಜ ಎತ್ತರದಲ್ಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಬಾಯಿಯ ಮುಂಭಾಗದ ಮತ್ತು ಎರಡೂ ಬದಿಗಳ ಛಾಯಾಚಿತ್ರ ತೆಗೆಯುವುದು. ತಲೆ ಎತ್ತಿದಾಗ, ಬಗ್ಗಿಸಿದಾಗ ಕೆಳದವಡೆ ಹಿಂದೆ ಮುಂದೆ ಸರಿಯುವುದರಿಂದ ಅಳತೆ ಬದಲಾಗುತ್ತದೆ, ಆದ್ದರಿಂದ ತಲೆಯ ಮಟ್ಟ ಮುಖ್ಯ. ಆ ಚಿತ್ರಗಳೊಂದಿಗೆ ಮರಿಯನ್ನು ಈ ತಿಂಗಳೊಳಗೇ, ಕುದುರೆಗಳ ಹಲ್ಲಿನ ಕೆಲಸ ಮಾಡುವ ಶಸ್ತ್ರವೈದ್ಯರಿಗೆ ತೋರಿಸಿ. ಗಂಡುಮರಿಯನ್ನು ಅದೇ ವಾಹನದಲ್ಲಿ ಕರೆದೊಯ್ದರೆ ಅದರ ಓರೆ ಎಕ್ಸ್‌ರೇಗಳನ್ನೂ ಅದೇ ದಿನ ಮುಗಿಸಬಹುದು.